ಅರವತ್ತಕ್ಕೆ ಪೈಲಟ್

ಅರವತ್ತು ತುಂಬಿದ ಗಂಡಸು ಹೊಸದಾಗಿ ಏನಾದರೂ ಆಗುತ್ತೇನೆಂದರೆ ಮನೆಯಲ್ಲಿ ನಂಬುವವರೇ ಇರುವುದಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ನಾನು ಪೈಲಟ್ ಆಗುತ್ತೇನೆ ಎಂದಾಗ, ನನ್ನ ಅರ್ಧಾಂಗಿ ಶಿವಕಾಂತಾ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಮೊದಲ ಮಾಳಗಿ ಹತ್ತಿ ಹಪ್ಪಳ ಒಣಹಾಕಿ ಬರ್ರಿ. ತಲಿ ತಿರುಗಲಿಲ್ಲಂದ್ರ ಆಮ್ಯಾಲ ನೋಡೂಣು."

(ಹಾರುವುದು ಔಷಧ ಹೊಡೆಯುವ ಡ್ರೋನ್, ನಾನು ನೆಲದ ಮೇಲೆಯೇ ನಿಂತಿರುತ್ತೇನೆ ಎಂಬ ಸೂಕ್ಷ್ಮ ತಿಳಿಸುವಷ್ಟರಲ್ಲಿ ರೊಟ್ಟಿ ಬುಟ್ಟಿ ತುಂಬಿತ್ತು.)

ತರಬೇತಿ ಮುಗಿಸಿ ಲೈಸೆನ್ಸ್ ತಂದೆ. ಜೇವರ್ಗಿಯ ರೈತರ ಸಂಘದವರು ಡ್ರೋನ್ ಕೊಟ್ಟು ಒಂದು ಕರಾರು ಹಾಕಿದರು: ಕೊಳಕೂರಿನ ಮಲಂಗಸಾಬರ ತೊಗರಿಗೆ ಔಷಧ ಹೊಡೆದು ತೋರಿಸಿದರೆ ಈ ಹಂಗಾಮಿನ ಕೆಲಸವೆಲ್ಲ ನನ್ನದು, ಇಲ್ಲವಾದರೆ ಡ್ರೋನ್ ವಾಪಸ್, ನಾನೂ ಮನೆಗೆ ವಾಪಸ್. ಶಿವಕಾಂತಾ ಬುತ್ತಿ ಕಟ್ಟಿಕೊಂಡು ಜೊತೆಗೇ ಬಂದಳು.

ಬದುವಿನ ಮೇಲೆ ಅರ್ಧ ಊರು ನೆರೆದಿತ್ತು. ಕಪ್ಪು ಕನ್ನಡಕ ಏರಿಸಿ, ರಿಮೋಟ್ ಹಿಡಿದು, ಗಗನವೀರನಂತೆ ನಿಂತೆ. ರೆಕ್ಕೆಗಳು ಗಿರ್ರನೆ ತಿರುಗಿದವು. ಹೆಬ್ಬೆರಳು ಮಾತ್ರ ಅಲುಗಾಡಲೊಲ್ಲದು. ಒಂದು ನಿಮಿಷವಾಯಿತು, ಎರಡಾಯಿತು. ತರಬೇತಿಯಲ್ಲಾದರೆ ಗುರುಗಳು ಪಕ್ಕದಲ್ಲಿ ನಿಂತು "ಹೂಂ, ಏರಿಸಿ" ಎನ್ನುತ್ತಿದ್ದರು. ಇಲ್ಲಿ ಯಾರೂ ಏನೂ ಅನ್ನುತ್ತಿಲ್ಲ.

"ಮ್ಯಾಲ ಏರಾಕ ಬ್ಯಾಟರಿ ಸಾಲವಲ್ದೇನ್ರಿ, ಪೈಲಟ್ ಸಾಹೇಬ್ರ?" ಮಲಂಗಸಾಬರು ಮೆಲ್ಲಗೆ ಕೇಳಿದರು. ಸಂಘದ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು.

ನನ್ನ ರೋಗ ಗುರುತಿಸಿದವಳು ಶಿವಕಾಂತಾ. ಮೂವತ್ತೆರಡು ವರ್ಷ ಕಂಡಕ್ಟರ್ ಸೀಟಿ ಊದದೆ ನಾನು ಗಾಡಿ ಕದಲಿಸಿದವನೇ ಅಲ್ಲ. (ಮನೆಯ ಸ್ಕೂಟರ್ ಕೂಡ ಹಿಂದಿನಿಂದ ಆಕೆ ಬೆನ್ನು ತಟ್ಟಿದ ಮೇಲೆಯೇ ಹೊರಡುತ್ತದೆ.) ಆಕೆ ಬುತ್ತಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು.

ಡ್ರೋನ್ ಚಂಗನೆ ಮೇಲೆದ್ದಿತು.

ಆಮೇಲೆ ಸಾಲು ಮುಗಿದಲ್ಲೆಲ್ಲ "ಹೋಲ್ಡಾನ್" ಎಂದು ಆಕೆಯ ಧ್ವನಿ. "ಹಿಂದ ಬರ್ರಿ, ಇನ್ನೂ ಬರ್ರಿ. ಎಡಕ್ಕ ಬೇವಿನ ಗಿಡ ಅದ. ಸಾಕು. ರೈಟ್, ರೈಟ್." ಮಧ್ಯಾಹ್ನದೊಳಗೆ ಎಂಟು ಎಕರೆ ಮುಗಿಯಿತು. ಕಾರ್ಯದರ್ಶಿ ಕೈ ಕುಲುಕಿ ಹಂಗಾಮಿನ ಕೆಲಸ ಒಪ್ಪಿಸಿದರು. ನಾನು ವಿಜಯದ ನಗೆ ಬೀರಿ ಹೆಂಡತಿಯತ್ತ ನೋಡಿದೆ. ಆಕೆಯ ಸುತ್ತ ಹೆಂಗಸರು ಸೇರಿ ಸೀಟಿ ಹೊಡೆಯುವುದನ್ನು ಕಲಿಯುತ್ತಿದ್ದರು.

ಮರುದಿನ ಹವಳಗಾದಿಂದ ಕಬ್ಬಿನ ರೈತರೊಬ್ಬರ ಫೋನ್ ಬಂತು.

"ಪೈಲಟ್ ಮಾತಾಡಾಕತ್ತೇನಿ," ಎಂದೆ, ಗಂಟಲು ಸರಿಮಾಡಿಕೊಂಡು.

"ನಮಸ್ಕಾರ್ರಿ. ನಿಮ್ಮ ಮನಿಯವ್ರು ನಾಳೆ ಖಾಲಿ ಅದಾರೇನ್ರಿ? ಅವ್ರು ಬಂದ್ರ ಸಾಕ್ರಿ. ರಿಮೋಟ್ ಹಿಡಿಯಾಕ ಯಾರರೆ ಬರ್ಲಿ."

"ಕೇಳಿ ಹೇಳ್ತೇನ್ರಿ," ಎಂದೆ.