ಅತ್ತೆಯ ದಮ್ಮಿಗೆ ನಾನೇ ದುಭಾಷಿ

ಎರಡು ಭಾಷೆ ಬಲ್ಲವರು ದುಭಾಷಿಗಳಾಗುತ್ತಾರೆ ಎಂದು ಲೋಕ ನಂಬಿದೆ. ನನಗೆ ನೆಟ್ಟಗೆ ಬರುವುದು ಕನ್ನಡ ಒಂದೇ. ಹಿಂದಿ ಮಾತಾಡಿದರೆ ತರಕಾರಿಯವನು ನಗುತ್ತಾನೆ, ಇಂಗ್ಲಿಷ್ ಮಾತಾಡಿದರೆ ಮಗಳು ನಗುತ್ತಾಳೆ. ಆದರೂ ಕಳೆದ ಮಳೆಗಾಲದಲ್ಲಿ ಶಹಾಪುರದ ಒಂದು ದವಾಖಾನೆಯಲ್ಲಿ ನಾನು ದುಭಾಷಿಯ ಕೆಲಸ ಮಾಡಿದೆ. ಒಂದು ಕಡೆ ಕಕ್ಕೇರಾದಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ, ಇನ್ನೊಂದು ಕಡೆ ಮಂಡ್ಯದ ಕಡೆಯಿಂದ ಹೊಸದಾಗಿ ಬಂದ ಲೇಡಿ ಡಾಕ್ಟರು. ಇಬ್ಬರೂ ಮಾತಾಡುತ್ತಿದ್ದದ್ದು ಕನ್ನಡವೇ. ಕನ್ನಡ ಟೀಚರ್ ಆದ ನಾನು ಕನ್ನಡವನ್ನು ಕನ್ನಡಕ್ಕೆ ಅನುವಾದಿಸುತ್ತ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದೆ.

ಆಗಿದ್ದು ಇಷ್ಟು. ಅತ್ತೆಗೆ ದಮ್ಮು. ಎಂದರೆ ಉಬ್ಬಸ, ನಮ್ಮ ಕಡೆ ಅದಕ್ಕೆ ದಮ್ಮು ಎಂದೇ ಹೆಸರು. ಮೊದಲ ಸಲ ಹೋದಾಗ ನಾನು ಚೀಟಿ ಮಾಡಿಸಲು ಪಾಳಿಯಲ್ಲಿ ನಿಂತಿದ್ದೆ, ಅತ್ತೆ ಒಬ್ಬರೇ ಒಳಗೆ ಹೋದರು. ಮುಂಜಾನೆ ಏಳುತ್ತಲೇ ದಮ್ಮು ಹತ್ತುತ್ತದೆ ಎಂದರಂತೆ. ಈ ವಯಸ್ಸಿನಲ್ಲಿ ದಮ್ಮು ಒಳ್ಳೆಯದಲ್ಲ, ಬಿಟ್ಟುಬಿಡಿ ಅಜ್ಜಿ ಎಂದರಂತೆ ಡಾಕ್ಟರು. ನಾನು ಬಿಟ್ಟರೂ ಅದು ಬಿಡಬೇಕಲ್ಲ, ಬಿಡಿಸಲಿ ಎಂದೇ ನಿನ್ನ ಹತ್ತಿರ ಬಂದಿದ್ದೇನೆ ಎಂದರಂತೆ ಅತ್ತೆ. ಚಟ ಬಿಡಲು ತಾನಾಗಿ ಬಂದ ಮುದುಕಿಯನ್ನು ಕಂಡು ಡಾಕ್ಟರಿಗೆ ಕರುಣೆ ಉಕ್ಕಿರಬೇಕು, ದಿನಕ್ಕೆಷ್ಟು, ಬೀಡಿಯೋ ಸಿಗರೇಟೋ ಎಂದು ಮೃದುವಾಗಿ ವಿಚಾರಿಸಿದರು. ನಾನು ಚೀಟಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅತ್ತೆ ಸೆರಗು ಬಿಗಿದು ಎದ್ದು ನಿಂತಿದ್ದರು.

"ನಡಿ ಮನಿಗೆ. ಬೀಡಿ ಸೇದ್ತೀ ಏನಂತ ಕೇಳಾಕತ್ತಾಳ ಈಕಿ ನನಗ."

ಡಾಕ್ಟರದ್ದೇನೂ ತಪ್ಪಿಲ್ಲ. ಅವರ ಊರಿನಲ್ಲಿ ದಮ್ಮು ಎಂದರೆ ಹೊಗೆ ಬಿಡುವುದು. ಹಿಂದೊಮ್ಮೆ ನಾನು ತರಬೇತಿಗೆಂದು ಮೈಸೂರಿಗೆ ಹೋಗಿದ್ದಾಗ ಜ್ವರ ಬಂದು, "ಸರ್, ನನಗ ಆರಾಮಿಲ್ರಿ" ಎಂದು ರಜೆ ಕೇಳಿದ್ದೆ. ಆ ಸಾಹೇಬರು, ಆರಾಮ ಯಾರಿಗಿದೆ ಹೇಳಿ ಮೇಡಂ, ಎಲ್ಲರಿಗೂ ಕೆಲಸ ಇದ್ದೇ ಇರುತ್ತೆ ಎಂದು ಸಮಾಧಾನ ಹೇಳಿ ಕಳಿಸಿದರು. ಸಂಜೆಯವರೆಗೂ ಗಡಗಡ ನಡುಗುತ್ತ ಸಂಧಿ ಸಮಾಸಗಳ ಬೋಧನಾಕ್ರಮ ಕಲಿತು ಬಂದೆ.

ಅತ್ತೆಯನ್ನು ಮತ್ತೆ ದವಾಖಾನೆಗೆ ಹೊರಡಿಸಲು ಸಾಕುಬೇಕಾಯಿತು. ನೀವು ಬಾಯಿ ಬಿಡುವುದೇ ಬೇಡ, ಎಲ್ಲ ನಾನು ಹೇಳುತ್ತೇನೆ ಎಂದು ಮಾತು ಕೊಟ್ಟ ಮೇಲೆ ಬಂದರು. ನಾನು ದಮ್ಮಿನ ಅರ್ಥ ಬಿಡಿಸಿ ಹೇಳಿದ್ದೇ ತಡ, ಡಾಕ್ಟರು ನಾಚಿ ಕೈ ಮುಗಿದರು. ಅತ್ತೆ ಅರ್ಧ ಕರಗಿದರು. ನನಗಂತೂ ಎರಡು ರಾಜ್ಯಗಳ ನಡುವೆ ಸಂಧಿ ಮಾಡಿಸಿದಷ್ಟು ಹೆಮ್ಮೆ. ಎಷ್ಟು ವರ್ಷದಿಂದ ಇದೆ ಎಂದು ಡಾಕ್ಟರು ಕೇಳಿದರು. "ಈಕಿ ನಮ್ಮ ಮನಿಗೆ ನಡೀಲಿಕ್ಕೆ ಬಂದಾಗಿಂದ" ಎಂದು ಅತ್ತೆ ಗೊಣಗಿದರು. ನಾನು ಸೊಸೆಯಾಗಿ ಬಂದ ಲೆಕ್ಕ ಬಿಟ್ಟು, ಬಹಳ ವರ್ಷಗಳಿಂದ ಮೇಡಂ ಎಂದೆ. ಯಾವಾಗ ಹೆಚ್ಚಾಗುತ್ತದೆ? "ಸಂಜಿಮುಂದ ಈಕಿ ಮನಿತುಂಬ ಲೋಬಾನ ಹಾಕ್ತಾಳಲ್ಲ, ಅವಾಗ." ಸಂಜೆ ಹೊತ್ತು ಜಾಸ್ತಿ ಎಂದೆ. ಲೋಬಾನ ಅಂದರೇನು ಎಂದು ಡಾಕ್ಟರು ತಲೆ ಎತ್ತಿದರು. ಅದು ದೇವರಿಗೆ ಸಂಬಂಧಪಟ್ಟದ್ದು ಮೇಡಂ ಎಂದುಬಿಟ್ಟೆ. ಅತ್ತೆ ಸೊಸೆಯ ಜಗಳವನ್ನೆಲ್ಲ ಡಾಕ್ಟರ ಮುಂದೆ ಹರಡುತ್ತಾರೆಯೇ? ನನ್ನ ವಾಕ್ಯಗಳಲ್ಲಿ ವ್ಯಾಕರಣದೋಷ ಒಂದೂ ಇರಲಿಲ್ಲ.

ಡಾಕ್ಟರು ಬಾಯಿಗಿಟ್ಟುಕೊಳ್ಳುವ ಪಂಪು ಕೊಟ್ಟು, ಜೋರಾಗಿ ಸೇದಿ ಅಜ್ಜಿ ಎಂದರು. ಅತ್ತೆ ನನ್ನ ಮುಖ ನೋಡಿದರು. ಒಳಗ ಜಗ್ಗಬೇಕಂತ ಅವ್ವ ಎಂದು ನಾನು ಅವಸರದಲ್ಲಿ ತಿದ್ದಿದೆ.

ಪಂಪು ಬಂದರೂ ಉಬ್ಬಸ ಇಳಿಯಲಿಲ್ಲ. ಒಂದು ಸಂಜೆ ನಾನು ಎಂದಿನಂತೆ ಕೆಂಡದ ಮೇಲೆ ಲೋಬಾನ ಉದುರಿಸಿ, ಸೊಳ್ಳೆಗಳೂ ಕೆಟ್ಟ ದೃಷ್ಟಿಯೂ ಒಟ್ಟಿಗೇ ಹೋಗಲಿ ಎಂದು ಮೂಲೆಮೂಲೆಗೂ ಹೊಗೆ ತೋರಿಸುತ್ತ ಬಂದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕುಳಿತಿದ್ದರು. ಎದೆ ಏರಿಳಿಯುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೈಯೆತ್ತಿ ಹೊಗೆಯನ್ನು ತೋರಿಸಿದರು. ಈ ಮುದುಕಿ ಇಲ್ಲದಿದ್ದರೆ ಮನೆ ಎಷ್ಟು ತಣ್ಣಗಿರುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡವಳು ನಾನು, ಸುಳ್ಳೇಕೆ ಹೇಳಲಿ. ಅವತ್ತು ಅದು ನಿಜವಾಗಿಬಿಡುತ್ತದೇನೋ ಎಂದು ಹೆದರಿ ಅತ್ತುಬಿಟ್ಟೆ. ಲೋಬಾನವನ್ನು ಅಂಗಳಕ್ಕೆ ಎಸೆದು, ಆಟೋ ಹಿಡಿದು ದವಾಖಾನೆಗೆ ಓಡಿದೆವು.

ಮೂಗು ಬಾಯಿಗೆ ಔಷಧದ ಹಬೆ ಹಿಡಿದ ಮೇಲೆ ಅತ್ತೆಯ ಉಸಿರು ಹತೋಟಿಗೆ ಬಂತು. ನಾನು ಅಭ್ಯಾಸಬಲದಿಂದ ಸ್ಟೂಲು ಎಳೆದುಕೊಂಡೆ. ಅಷ್ಟರಲ್ಲಿ ಡಾಕ್ಟರು, ದಿನವೂ ಬರುವ ರೋಗಿಗಳ ಬಾಯಿಂದಲೇ ನಮ್ಮ ಮಾತು ಹಿಡಿದಿದ್ದರು. "ಟೀಚರ್, ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದರು. ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು, ನಡುನಡುವೆ ನಕ್ಕರು. ಎರಡೂ ಕನ್ನಡ ಬಲ್ಲ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೊನೆಗೆ ನನ್ನನ್ನು ಕರೆದರು.

"ಲೋಬಾನ ಅಂದ್ರ ಸಾಂಬ್ರಾಣಿ ಅಂತಲ್ರಿ ಟೀಚರ್" ಎಂದರು ಡಾಕ್ಟರು, ನನ್ನ ಮುಖ ನೋಡದೆ, ಗೋಡೆಯ ಕ್ಯಾಲೆಂಡರ್ ನೋಡುತ್ತ. "ಮೊದಲ ಹೇಳಿದ್ರ ಪಂಪಿನ ಜೋಡಿ ಅದನ್ನೂ ಬಿಡಸ್ತಿದ್ದೆ."

ನಾನು ದುಭಾಷಿಯ ಸ್ಟೂಲನ್ನು ಎತ್ತಿ ಗೋಡೆಗೆ ಸರಿಸಿಟ್ಟೆ.

ಲೋಬಾನ ನಿಂತು ತಿಂಗಳುಗಳಾದವು. ಸೊಳ್ಳೆಗಳು ಸುಖವಾಗಿವೆ, ಅತ್ತೆ ಅವುಗಳಿಗಿಂತ ಸುಖವಾಗಿದ್ದಾರೆ. ಮೊದಲೆಲ್ಲ ನನ್ನನ್ನು ಬಯ್ಯಲು ಶುರುಮಾಡಿದರೆ ನಡುವೆ ದಮ್ಮು ಹತ್ತಿ ನಿಲ್ಲಿಸುತ್ತಿದ್ದರು, ಆ ಬಿಡುವಿನಲ್ಲಿ ನಾನು ಅಡುಗೆಮನೆಗೆ ಜಾರಿಕೊಳ್ಳುತ್ತಿದ್ದೆ. ಈಗ ನನ್ನ ತವರಿನಿಂದ ಹಿಡಿದು ನಿನ್ನೆಯ ಸಾರಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸುತ್ತಾರೆ. ನಾನು ಕೈ ಕಟ್ಟಿಕೊಂಡು ಪೂರ್ತಿ ಕೇಳುತ್ತೇನೆ. ಅವರು ಎಲ್ಲಾದರೂ ನಡುವೆ ನಿಲ್ಲಿಸಿದರೆ ಮತ್ತೆ ದಮ್ಮು ಹತ್ತಿತೇನೋ ಎಂದು ಹೆದರಿ, ಮುಂದೇನ್ರಿ ಅವ್ವ ಎಂದು ನಾನೇ ಕೇಳುತ್ತೇನೆ.