ಕಾರಿನ ಹಣೆ ಉಜ್ಜಿದ್ದು

ಕಾರಿಗೆ ಹದಿನೈದು ವರ್ಷ ತುಂಬಿದರೆ ಸರ್ಕಾರ ಅದನ್ನು ಮತ್ತೆ ಪರೀಕ್ಷೆಗೆ ಕೂರಿಸುತ್ತದೆ. ಬ್ರೇಕು, ದೀಪ, ಹೊಗೆ, ವಿಮೆ ಎಲ್ಲ ಸರಿಯಿದ್ದರೆ ಮಾತ್ರ ಮುಂದೆಯೂ ರಸ್ತೆಯ ಯೋಗ. ಪರೀಕ್ಷೆಯೆಂದರೆ ನನಗೇನು ಭಯ? ನಾನು ಶಿವಮೊಗ್ಗದ ನವುಲೆಯಲ್ಲಿರುವ ಸಂಸ್ಕೃತ ಮೇಷ್ಟ್ರು. ಫೇಲು ಮಾಡುವುದು ನನ್ನ ಕೆಲಸ, ಆಗುವುದಲ್ಲ!

ಕಾರು ಅಪ್ಪನದು. ಅಪ್ಪ ಹೋದ ಮೇಲೆ ಅದಕ್ಕೆ ಉಳಿದದ್ದು ಒಂದೇ ಕೆಲಸ, ಭದ್ರಾವತಿಯ ಕಾಗದನಗರದಲ್ಲಿರುವ ಅಮ್ಮನನ್ನು ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಕರೆತರುವುದು. ಅಮ್ಮನಿಗೆ ಬಸ್ಸು ಹತ್ತಲಾಗುವುದಿಲ್ಲ. ಆಟೋದ ಕುಲುಕಾಟಕ್ಕೆ ವಾಂತಿ. ಹಾಗಾಗಿ ಕಾರು ಪಾಸಾಗಲೇಬೇಕಿತ್ತು.

ಅರ್ಜಿಗೆ, ಕಾರಿನ ಗುರುತಾದ ಷಾಸಿ ನಂಬರಿನ ಅಚ್ಚು ಬೇಕು. ಬಾನೆಟ್ಟಿನೊಳಗಿನ ತಗಡಿನಲ್ಲಿ ಕೊರೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಸಾಕು, ಅಂಕಿಗಳು ಮೂಡುತ್ತವೆ. ಆದರೆ ಅಪ್ಪ ಪ್ರತಿ ಆಯುಧಪೂಜೆಗೂ, ಅದೇ ಕಾರಿನ ಹಣೆಯೆಂದು, ಗಂಧ ಕುಂಕುಮವನ್ನು ಅಲ್ಲಿಗೇ ಹಚ್ಚುತ್ತಿದ್ದರು. ಅದು ಎಣ್ಣೆ, ಧೂಳು ಸೇರಿ ಗಟ್ಟಿಯಾಗಿತ್ತು. ಸೀಮೆಎಣ್ಣೆ ಸುರಿದೆ. ಜಗ್ಗಲಿಲ್ಲ. ಉಪ್ಪುಕಾಗದ ತಿಕ್ಕಿದೆ. ಕೈ ತರಚಿತು. ಕೊನೆಗೆ, ಗೇಟು ಮಾಡುವ ಪಕ್ಕದ ಮನೆಯವರಿಂದ ಗ್ರೈಂಡರನ್ನೇ ತಂದೆ!

ಹೆಂಡತಿ ಶೈಲಜಾ ಬಾಗಿಲಲ್ಲಿ ನಿಂತು ನೋಡಿದಳು. "ಕಾರು ತಗೊಂಡು ಹೋಗ್ತಿರೋದು ಆರ್‌ಟಿಓಗೆ ಮಾರಾಯ್ರೇ, ಹೆಣ್ಣು ತೋರ್ಸೋಕಲ್ಲ" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಡಿ ಹಾರಿತು, ಕುಂಕುಮ ಹೋಯಿತು, ತಗಡು ಫಳಫಳ ಎಂದಿತು. ಅಚ್ಚಿನಲ್ಲಿ ಕೆಲವು ಅಂಕಿ ಮೂಡಲಿಲ್ಲ. ಅವನ್ನು ಆರ್‌ಸಿ ನೋಡಿಕೊಂಡು ನಾನೇ ಮುದ್ದಾಗಿ ತಿದ್ದಿ ತುಂಬಿದೆ.

ಪರೀಕ್ಷೆಯ ದಿನವೇ ಅಮ್ಮನ ಡಯಾಲಿಸಿಸ್ ಕೂಡ ಇತ್ತು. ಮೊದಲು ಅಮ್ಮನನ್ನು ಆಸ್ಪತ್ರೆಗೆ ಬಿಡಿ ಎಂದು ಶೈಲಜಾ ಹೇಳಿದ್ದಳು. ಕಾರು ಪಾಸಾಗಲು ಎಷ್ಟು ಹೊತ್ತು ಬೇಕು? ಭದ್ರಾವತಿಯಿಂದ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನೇರವಾಗಿ ಆರ್‌ಟಿಓಗೇ ಬಂದೆ.

ಬ್ರೇಕು, ದೀಪ, ಹೊಗೆ ಎಲ್ಲ ಪಾಸಾದವು. ಇನ್‌ಸ್ಪೆಕ್ಟರು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. ಉಜ್ಜಿದ್ದು ಯಾರೆಂದು ಕೇಳಿದರು. ನಾನೇ ಎಂದೆ, ಹೆಮ್ಮೆಯಿಂದ. ಅಚ್ಚನ್ನು ತಿದ್ದಿದ್ದು ಯಾರೆಂದು ಕೇಳಿದರು. ಅದೂ ನಾನೇ ಎಂದೆ.

"ಕಳ್ರು ಇಷ್ಟು ಬೇಗ ಒಪ್ಕೊಳಲ್ಲ ಮೇಷ್ಟ್ರೇ" ಎಂದರು ಅವರು.

ಕದ್ದ ಕಾರಿನ ನಂಬರನ್ನು ಹೀಗೇ ಉಜ್ಜುತ್ತಾರಂತೆ. ಪೊಲೀಸ್ ಪರಿಶೀಲನೆ ಮುಗಿಯುವ ತನಕ ಕಾರು ಅಲುಗಾಡುವಂತಿಲ್ಲ. ಒಳಗಿರುವ ಅಮ್ಮನ ವಿಷಯ ಹೇಳಿದೆ. ಪಾಪ, ಅವರೇ ಆಟೋ ಕರೆಸಿದರು. ಶೈಲಜಾ ಓಡಿಬಂದು ಅಮ್ಮನನ್ನು ಕರೆದೊಯ್ದಳು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಅಮ್ಮನ ಸರದಿ ಹೋಗಿತ್ತು. ಮತ್ತೆ ಮೆಷಿನ್ ಸಿಕ್ಕಿದ್ದು ಸಂಜೆಗೆ. ಅಲ್ಲಿಯವರೆಗೆ ಅಮ್ಮ ಮುಖ ಊದಿಕೊಂಡು, ಉಸಿರಿಗೆ ಒದ್ದಾಡುತ್ತಾ ಬೆಂಚಿನ ಮೇಲೆ ಕೂತಿದ್ದರಂತೆ. ಆ ಹೊತ್ತಿನಲ್ಲಿ ನಾನು, ನನ್ನಪ್ಪನ ಕಾರನ್ನು ನಾನು ಕದ್ದಿಲ್ಲವೆಂದು ಠಾಣೆಯಲ್ಲಿ ಶುದ್ಧ ಕನ್ನಡದಲ್ಲಿ ಹೇಳಿಕೆ ಬರೆಯುತ್ತಿದ್ದೆ. ಅಮ್ಮನಿಗೇನಾದರೂ ಆದರೆ ಎಂದು ಜೀವ ಬಾಯಿಗೆ ಬಂದಿತ್ತು.

ಕಾರು ಇನ್ನೂ ಬಿಡುಗಡೆಯಾಗಿಲ್ಲ. ಅಮ್ಮ ಆಟೋದಲ್ಲೇ ಬರುತ್ತಾರೆ, ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕೂರುತ್ತೇನೆ. ಮೊನ್ನೆ ಅಮ್ಮನ ಅವಸ್ಥೆ ನೋಡಲಾರದೆ ಆಟೋದವನು, ಮನೆಯಲ್ಲಿ ಕಾರಿಲ್ಲವೇ ಎಂದು ಕೇಳಿದ. ನಾನು ಹೊರಗೆ ನೋಡತೊಡಗಿದೆ.

ಅಮ್ಮ ಬಾಯಿ ಒರೆಸಿಕೊಂಡರು. "ಇದೆಯಪ್ಪ. ನನ್ನ ಮಗ ಉಜ್ಜಿ ಇಟ್ಟಿದಾನೆ."