ದೋಷವಿಲ್ಲದ ಹುಡುಗಿಗೊಂದು ಶಿಫಾರಸು

ಹೆಣ್ಣು ನೋಡಲು ಬಂದವರು ದಾರಿಯಲ್ಲಿ ನಿಲ್ಲಿಸಿ "ಆ ಮನಿ ಹುಡುಗಿ ಹೆಂಗ್ರಿ?" ಎಂದು ಕೇಳಿದರೆ, ನಮ್ಮ ಕಡೆ ಮರ್ಯಾದಸ್ಥ ಮನುಷ್ಯ ಕೊಡುವ ಉತ್ತರ ಒಂದೇ: "ಬಂಗಾರದಂಥಾ ಹುಡುಗಿ ಬಿಡ್ರಿ." ಅದೇ ಹುಡುಗಿ ನಿನ್ನೆಯಷ್ಟೇ ತನ್ನ ಎಮ್ಮೆಯನ್ನು ನಮ್ಮ ಮೆಂತ್ಯದ ಮಡಿಗೆ ಬಿಟ್ಟು, ಕೇಳಲು ಹೋದ ನಮ್ಮನ್ನೇ ಬೈದಿರಬಹುದು, ಅದು ಬೇರೆ ಮಾತು. ಕೂಡುವ ಸಂಬಂಧಕ್ಕೆ ಕಲ್ಲು ಹಾಕಿದ ಪಾಪವನ್ನು ತೊಳೆಯಲು ಇಡೀ ಕೃಷ್ಣೆಯ ನೀರೂ ಸಾಲದು. ಅಥಣಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಈ ಧರ್ಮವನ್ನು ಎಂದೂ ಮೀರಿದವನಲ್ಲ. ಮೀರದೆ ಇದ್ದುದರಿಂದಲೇ ಒಬ್ಬ ಹುಡುಗಿಯ ಭವಿಷ್ಯಕ್ಕೆ ಕಲ್ಲು ಹಾಕಲು ಹೊರಟಿದ್ದೆ.

ಆಕೆ ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ. ಉಗಾರ ಖುರ್ದದವಳು, ತಂದೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಗಾರ. ಹೊಳೆದಂಡೆಯ ಹೊಲಗಳು ಉಪ್ಪೇರಿ ಸವಳಾಗುವುದೇಕೆ ಎಂದು ಸಂಶೋಧನೆ ಮಾಡುವ ಆಸೆಯಿಂದ ಪುಣೆಯ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು. "ಸ್ಕಾಲರ್‌ಶಿಪ್ ಸಿಕ್ಕರಷ್ಟ ಹೋಗೂದ್ರಿ ಸರ. ಇಲ್ಲಂದ್ರ ಇಲ್ಲೇ ಬಿ.ಎಡ್. ಮಾಡ ಅಂತಾನ್ರಿ ಅಪ್ಪಾ" ಎಂದು ನನ್ನಿಂದ ಶಿಫಾರಸು ಪತ್ರ ಕೇಳಿದಳು.

ಪುಟ ತುಂಬ ಬರೆದೆ. ಒಳ್ಳೆಯ ಮನೆತನ, ಮೃದು ಮಾತು, ಹಿರಿಯರೆದುರು ತಲೆ ಎತ್ತಿದವಳಲ್ಲ. ಸಂಸ್ಥೆಯ ಫಾರ್ಮಿನಲ್ಲಿ 'ಅಭ್ಯರ್ಥಿಯ ಕೊರತೆಗಳು' ಎಂದಿದ್ದಲ್ಲಿ, ಧರ್ಮವನ್ನು ನೆನೆದು, 'ಯಾವುವೂ ಇಲ್ಲ' ಎಂದು ತುಂಬಿ ಕಳಿಸಿದೆ. ಕೆಲವು ದಿನಗಳಲ್ಲಿ ಅಲ್ಲಿನ ಪ್ರಾಧ್ಯಾಪಕರು ಫೋನು ಮಾಡಿದರು. ಬಹಳ ಸೌಜನ್ಯದ ಮನುಷ್ಯ. "ಸರ್, ನಮಗೆ ಸೊಸೆ ಬೇಕಾಗಿಲ್ಲ, ಸಂಶೋಧಕಿ ಬೇಕು" ಎಂದು ಮರಾಠಿಯಲ್ಲಿ ಹೇಳಿ, ಸಂಜೆಯೊಳಗೆ ಬೇರೆ ಪತ್ರ ಬಾರದಿದ್ದರೆ ಶಿಷ್ಯವೇತನದ ಪಟ್ಟಿಯಲ್ಲಿ ಹೆಸರು ಉಳಿಯದು ಎಂದರು.

ರೇಣುಕಾಳನ್ನು ಕರೆಸಿದೆ.

"ನಿಂದೊಂದು ಕೊರತಿ ಹೇಳವಾ."

"ನೀವ ಹೇಳ್ತಿದ್ರಲ್ರಿ ಸರ, ಲ್ಯಾಬಿನ್ಯಾಗ ದಿನಾ."

ನಾನು ಮರೆತವನಂತೆ ಮುಖ ಮಾಡಿದೆ. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಸಂಜೀಕ ಮನಿಗೆ ಬಂದು 'ಆ ಉಗಾರದ ಹುಡುಗಿ ತಲಿ ತಿಂತು' ಅಂತಿದ್ರಲಾ, ಅದನ್ನ ಬರೀರಿ."

ತಿಂದದ್ದು ನಿಜ. ಒಮ್ಮೆ ಪ್ರಯೋಗದ ಲೆಕ್ಕ ತಾಳೆಯಾಗದಾಗ, ಪುಸ್ತಕದ ಉತ್ತರ ಬರೆದು ಮನೆಗೆ ಹೋಗು ಎಂದರೆ, ಬಾಟಲಿಯ ದ್ರಾವಣವೇ ತಪ್ಪಾಗಿದೆ ಎಂದು ವಾದಿಸಿ, ಊರಿನ ಬಸ್ಸನ್ನೂ ಬಿಟ್ಟು, ಪ್ರಯೋಗವನ್ನು ಮತ್ತೆ ಮಾಡಿ ತೋರಿಸಿದ್ದಳು. ದ್ರಾವಣ ತಯಾರಿಸಿದ ವಿದ್ವಾಂಸ ನಾನೇ. ಅದನ್ನೆಲ್ಲ ಬರೆದು, ಕೊನೆಗೆ 'ಹಟಮಾರಿ. ಯಾರು ಹೇಳಿದರೂ ಒಂದೇ ಮಾತಿಗೆ ನಂಬುವುದಿಲ್ಲ' ಎಂದು ಸೇರಿಸಿ, ಮದುವೆ ಮುರಿದವನ ಮುಖ ಹೊತ್ತು ಕಳಿಸಿದೆ.

ಒಂದು ದಿನ ರೇಣುಕಾ ಪೇಢೆಯೊಂದಿಗೆ ಬಂದಳು. ಸೀಟೂ ಸಿಕ್ಕಿತ್ತು, ಶಿಷ್ಯವೇತನವೂ. "ಇಂಟರ್‌ವ್ಯೂದಾಗ ನಿಮ್ಮ ಪತ್ರಾನ ಓದಿ ತೋರ್ಸಿದ್ರು ಸರ. 'ನಂಬೂದಿಲ್ಲಲಾ, ಇಂಥಾಕೀನ ಬೇಕಾಗಿತ್ತು' ಅಂದ್ರು."

ನಾನು ಪೇಢೆ ಬಾಯಿಗಿಟ್ಟುಕೊಂಡು ಗುರುವಿನ ಗಾಂಭೀರ್ಯ ತಾಳುವಷ್ಟರಲ್ಲಿ ಹೆಂಡತಿ ಚಹಾ ತಂದಿಟ್ಟು ಹೇಳಿದಳು: "ಹಂಗಾರ ನಂಗೂ ಒಂದು ಪತ್ರಾ ಬರ್ದ ಕೊಡ್ರಿ. ಮದಿವ್ಯಾದಾಗಿಂದ ನೀವು ಹೇಳಿದ್ದು ನಾ ಏನೂ ನಂಬಿಲ್ಲ."

ಬರೆಯಲು ನನ್ನದೇನೂ ಅಡ್ಡಿಯಿಲ್ಲ. ಈಕೆಯ ಶಿಷ್ಯವೇತನ ಮಾತ್ರ ನನ್ನ ಪಿಂಚಣಿಯಿಂದ ಈಗಾಗಲೇ ತಿಂಗಳು ತಪ್ಪದೆ ಸಂದಾಯವಾಗುತ್ತಿದೆ.